ಅಪ್ಪನ ಖುರ್ಚಿಗೆ ಮೊದಲು ಅಳತೆ

ಲೀಡ್ಸ್, ಭಾನುವಾರ

ಪ್ರೀತಿಯ ತಮ್ಮಾ,

ನಿನ್ನೆ ವಿಡಿಯೋ ಕಾಲ್‌ನಲ್ಲಿ ಅಪ್ಪ ಸೋಫಾದಿಂದ ಏಳುವುದನ್ನು ನೋಡಿದೆ. ಎರಡು ಸಲ ಹಿಂದೆ ಮುಂದೆ ತೂಗಿದ. ಮೂರನೇ ಸಲಕ್ಕೆ ಟೀಪಾಯಿ ಹಿಡಿದ, ಅದು ಜರುಗಿತು. ನೀನು ಓಡಿ ಬಂದು ಬಗಲಿಗೆ ಕೈ ಕೊಟ್ಟೆ. ಆ ಸೋಫಾಕ್ಕೆ ದುಡ್ಡು ಕಳಿಸಿ 'ಮೆತ್ತಗಿರಲಿ' ಅಂದವಳು ನಾನೇ. ತಪ್ಪಾಯ್ತು.

ಇಲ್ಲಿ ನಾನು ಕೆಲಸ ಮಾಡುವ ವೃದ್ಧರ ಮನೆಯಲ್ಲಿ ಖುರ್ಚಿ ತರುವ ಮೊದಲು ಕೂಡುವವರ ಅಳತೆ ತಗೊಳ್ಳುತ್ತಾರೆ, ಅಂಗಿ ಹೊಲಿಸುವ ಹಾಗೆ. ನೀನೂ ಟೇಪ್ ಹಿಡಿ. ಅಪ್ಪ ಮನೆಯ ಚಪ್ಪಲಿ ಹಾಕಿಕೊಂಡೇ ಕೂಡಲಿ. ನೆಲದಿಂದ ಮೊಣಕಾಲ ಹಿಂದಿನ ಮಡಿಕೆವರೆಗೆ ಎಷ್ಟೋ, ಸೀಟಿನ ಎತ್ತರ ಅಷ್ಟು. ಒಂದಿಂಚು ಜಾಸ್ತಿ ಇದ್ದರೆ ಏಳಲು ಸಲೀಸು, ಆದರೆ ಪಾದ ಪೂರ್ತಿ ನೆಲಕ್ಕೆ ತಾಗಲೇಬೇಕು. ಬೆನ್ನು ಒರಗಿಸಿ ಕೂತಾಗ ಸೀಟಿನ ಅಂಚಿಗೂ ಮೊಣಕಾಲಿಗೂ ನಡುವೆ ಎರಡು ಬೆರಳು ಹೋಗಬೇಕು. ಸೀಟು ಅದಕ್ಕಿಂತ ಉದ್ದವಾದರೆ ಮುಂದಕ್ಕೆ ಜಾರಿ ಗೂನಾಗಿ ಕೂಡುತ್ತಾನೆ, ಈಗ ಕೂಡುತ್ತಾನಲ್ಲ, ಹಾಗೆ. ಖುರ್ಚಿಯ ಕೈ ಗಟ್ಟಿ ಇರಲಿ, ಸೀಟಿನ ಮುಂದಿನ ಅಂಚಿನವರೆಗೂ ಬರಲಿ. ಲಕ್ವಾ ಹೊಡೆದ ಮೇಲೆ ಅವನಿಗಿರುವುದು ಬಲಗೈ ಒಂದೇ. ಅದನ್ನು ಊರಿಯೇ ಏಳಬೇಕು. ಗಾಲಿ ಇರುವ ಖುರ್ಚಿ ಬೇಡವೇ ಬೇಡ.

ಬಟನ್ ಒತ್ತಿದರೆ ಮುಂದಕ್ಕೆ ವಾಲಿ ಎಬ್ಬಿಸುವ ಮೋಟಾರ್ ಖುರ್ಚಿ ಅಂದೆಯಲ್ಲ, ಅಂಥದ್ದು ನಮ್ಮಲ್ಲೂ ಇವೆ. ಎರಡು ಮೋಟಾರಿನದಾದರೆ ಬೆನ್ನು ನೆಟ್ಟಗಿಟ್ಟು ಕಾಲಷ್ಟೇ ಮೇಲೆ ಮಾಡಬಹುದು, ಒಂದೇ ಇದ್ದರೆ ಸಾಮಾನ್ಯವಾಗಿ ಎರಡೂ ಒಟ್ಟಿಗೆ ಹೋಗುತ್ತವೆ. ಕರೆಂಟ್ ಹೋದಾಗ ಕೆಳಗಿಳಿಸಲು ಬ್ಯಾಟರಿ ಇದೆಯಾ ಕೇಳು. ರಿಮೋಟ್ ಬಲಗಡೆಗೇ ಬರಬೇಕು. ರೆಕ್ಸಿನ್ ಒರೆಸಲು ಚಲೋ, ಆದರೆ ನಮ್ಮ ಬಾಗಲಕೋಟೆ ನವನಗರದ ಏಪ್ರಿಲ್ ಸೆಕೆಗೆ ಬೆನ್ನಿಗೆ ಅಂಟುತ್ತದೆ.

ನನಗೇನೋ ಈಗಲೇ ಮೋಟಾರ್ ಬೇಡ ಅನಿಸುತ್ತದೆ. ಕಾಲಲ್ಲಿ ಇನ್ನೂ ಬಲ ಇದೆ. ಪ್ರತಿ ಸಲ ಮಷಿನ್ನೇ ಎತ್ತಿದರೆ ಅದೂ ಹೋದೀತು.

ಆಲಮಟ್ಟಿ ಡ್ಯಾಮಿನ ಹಿನ್ನೀರು ಬಂದು ಹಳೇ ಬಾಗಲಕೋಟೆ ಮನೆ ಬಿಡುವಾಗ ಅಪ್ಪ ಹಟ ಮಾಡಿ ತಂದ ಸಾಗವಾನಿ ಖುರ್ಚಿ ಅಟ್ಟದ ಮೇಲೆ ಸುಮ್ನೆ ಬಿದ್ದಿದೆ. ಅದನ್ನು ಇಳಿಸು. ಎತ್ತರ ಸಾಲದಿದ್ದರೆ ಬಡಿಗೇರನ ಹತ್ತಿರ ನಾಲ್ಕೂ ಕಾಲಿಗೆ ಒಂದೇ ಸಮ ಕಟ್ಟಿಗೆ ಕೂಡಿಸಿ, ಕೆಳಗೆ ರಬ್ಬರ್ ಹಾಕಿಸು. ಸೀಟಿಗೆ ಗಟ್ಟಿ ಫೋಮ್, ಜಾರದ ಹಾಗೆ ಕಟ್ಟಿರಬೇಕು. ಹದಿನೈದು ದಿನ ನೋಡು. ಆಗಲೂ ಒಬ್ಬನೇ ಏಳಲು ಆಗದಿದ್ದರೆ ಅಳತೆ ಬರೆದು ಕಳಿಸು, ಮೋಟಾರಿನದಕ್ಕೆ ದುಡ್ಡು ಹಾಕುತ್ತೇನೆ.

ಸೋಫಾ ಅವ್ವ ತಗೊಳ್ಳಲಿ. ಧಾರಾವಾಹಿ ನೋಡಲು ಅವಳಿಗೆ ಅದು ಭಾರಿ ಇಷ್ಟ ಅಂತ ನನಗೆ ಗೊತ್ತು.

ನಿನ್ನ ಅಕ್ಕ