ಶಾಂತಿ ಹಬ್ಬಕ್ಕೆ ಕೆಲಸಕ್ಕೂ ಕರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಮ್ಮ ಬಡಾವಣೆಯ ಮೈದಾನದಲ್ಲಿ ನಡೆದ ಶಾಂತಿ ಹಬ್ಬದ ಸುದ್ದಿ ಪತ್ರಿಕೆಯಲ್ಲಿ ಓದಿ ಖುಷಿಯಾಯಿತು. ವೇದಿಕೆಯ ಫೋಟೊ ಚೆನ್ನಾಗಿ ಬಂದಿದೆ. ಅವತ್ತು ನಮ್ಮ ಮನೆಯ ಐದೂ ಜನ ವೇದಿಕೆಯ ಹಿಂದೆ ಕೆಲಸಕ್ಕಿದ್ದೆವು. ಅಲ್ಲಿ ಕಂಡದ್ದು ಸುದ್ದಿಯಲ್ಲಿ ಬಂದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಆರಕ್ಕೇ ಹೊರಟೆವು. ಯಜಮಾನರಿಗೆ ಗಾಡಿ ನಿಲ್ಲಿಸುವ ಕಡೆ ಕೆಲಸ. ಪಿಯುಸಿ ಓದುವ ಮಗ ಕೈತೊಳೆಯುವ ಜಾಗದಲ್ಲಿ ಅಡಿಕೆ ಹಾಳೆ ತಟ್ಟೆಗಳನ್ನೂ ಉಳಿದ ಅನ್ನವನ್ನೂ ಬೇರೆ ಬೇರೆ ಹಾಕಿಸಬೇಕಿತ್ತು. ಚಿಕ್ಕ ಮಗಳು ಚಪ್ಪಲಿಗೆ ಟೋಕನ್ ಕೊಡುತ್ತಿದ್ದಳು. ನಾನು, ಅತ್ತೆ ಅಡುಗೆ ಶಾಮಿಯಾನಕ್ಕೆ ಹೋದೆವು. ಅತ್ತೆ ಮನೆಯಿಂದಲೇ ಈಳಿಗೆಮಣೆ ತಂದಿದ್ದರು.

ಅವರ ಪಕ್ಕ ಹಿಂದಿನ ಬೀದಿಯ ಒಬ್ಬ ಹೆಂಗಸು ಬಂದು ಕೂತರು. ಎಂಟು ವರ್ಷದಿಂದ ಹಾಲಿನ ಬೂತ್‌ನಲ್ಲಿ ದಿನಾ ಮುಖ ನೋಡುತ್ತೇವೆ, ಒಂದು ದಿನವೂ ಮಾತಾಡಿಲ್ಲ. ಅವರು ಹುರುಳಿಕಾಯಿಯನ್ನು ಉದ್ದುದ್ದಕ್ಕೆ ಹೆಚ್ಚುತ್ತಿದ್ದರು. ಅತ್ತೆ ಸುಮ್ನಿರಲಿಲ್ಲ. 'ಇನ್ನೂ ಸ್ವಲ್ಪ ಸಣ್ಣಗೆ ಹೆಚ್ಚಮ್ಮಾ' ಅಂದರು. 'ನಮ್ಮನೇಲಿ ಪಲಾವಿಗೆ ಹೀಗೇ ಅಮ್ಮಾ, ಬಿಸಿಬೇಳೆಬಾತಿಗೆ ಹೇಗೆ ಅಂತ ತೋರಿಸಿ' ಅಂದರು ಅವರು. ಅಷ್ಟೇ ಶುರು. ಒಂಬತ್ತು ಗಂಟೆ ಹೊತ್ತಿಗೆ ಇಬ್ಬರೂ ಮಂಡಿನೋವಿನ ಮಾತ್ರೆಯಿಂದ ಹಿಡಿದು ಮಕ್ಕಳ ಟ್ಯೂಷನ್ ಫೀಸಿನವರೆಗೆ ಎಲ್ಲ ಮಾತಾಡಿ ಮುಗಿಸಿದ್ದರು.

ವೇದಿಕೆಯಲ್ಲಿ ಒಬ್ಬ ಹಿರಿಯರು ನಾಲ್ವಡಿ ಕೃಷ್ಣರಾಜ ಒಡೆಯರ್ 1933ರಲ್ಲಿ ಸಂತ ಫಿಲೋಮಿನಾ ಚರ್ಚಿಗೆ ಅಡಿಗಲ್ಲು ಇಟ್ಟದ್ದನ್ನು ಹೇಳಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಮೈಸೂರಿನವರು ಹೆಮ್ಮೆಪಡುವ ಮಾತು, ನಮ್ಮ ಮಕ್ಕಳಿಗೆ ಗೊತ್ತಿರಲೇಬೇಕು. ನಾನೂ ಕಿವಿ ಅತ್ತಲೇ ಕೊಟ್ಟಿದ್ದೆ. ಅಷ್ಟರಲ್ಲಿ ಸೀದ ವಾಸನೆ ಬಂತು.

ದೊಡ್ಡ ಕೊಪ್ಪರಿಗೆಯಲ್ಲಿ ಬಾತು ತಳ ಹಿಡಿದಿತ್ತು. ಅಡುಗೆ ಭಟ್ಟರು ಗಾಬರಿಯಲ್ಲಿ ಸೌಟು ಹಾಕಿ ಕೆದಕಲು ಹೊರಟರು. ಮಂಡಿ ಮೊಹಲ್ಲಾದಲ್ಲಿ ಮದುವೆ ಅಡುಗೆ ಮಾಡುವ ಭಾಯ್ ಒಬ್ಬರು ಪಾತ್ರೆ ಕೊಡಲು ಬಂದವರು ಅಲ್ಲೇ ನಿಂತಿದ್ದರು. 'ಕೆದಕಬೇಡಿ ಸ್ವಾಮಿ, ಇಡೀ ಕೊಪ್ಪರಿಗೆ ಕೆಡುತ್ತೆ. ಮೊದಲು ಇಳಿಸೋಣ' ಅಂದರು. ಒದ್ದೆ ಗೋಣಿಚೀಲ ಸುತ್ತಿ, ಒಂದು ಹಿಡಿ ಭಟ್ಟರು, ಇನ್ನೊಂದು ಭಾಯ್ ಹಿಡಿದು ಇಳಿಸಿದರು. ಬೆವರು ಒರೆಸಿಕೊಳ್ಳಲೂ ಕೈ ಬಿಡುವಿರಲಿಲ್ಲ. ತಳ ಮುಟ್ಟದ ಹಾಗೆ ಮೇಲಿನಿಂದ ಬಗೆದು ಬಗೆದು ಇನ್ನೊಂದು ಪಾತ್ರೆಗೆ ಹಾಕಿದರು. ಭಟ್ಟರು ತುಪ್ಪದಲ್ಲಿ ಹೊಸದಾಗಿ ಒಗ್ಗರಣೆ ಕೊಟ್ಟರು. ಭಾಯ್ ಅಂಗೈಗೆ ಒಂಚೂರು ಹಾಕಿಸಿಕೊಂಡು ರುಚಿ ನೋಡಿ, 'ಉಪ್ಪು ಒಂದು ಹಿಡಿ ಬೇಕು' ಅಂದರು. ಭಟ್ಟರು ಎರಡನೇ ಮಾತಾಡದೆ ಹಾಕಿದರು. ಮುಕ್ಕಾಲು ಪಾಲು ಬಾತು ಉಳಿಯಿತು. ಸೀದ ರುಚಿ ಊಟಕ್ಕೆ ಕೂತ ಯಾರಿಗೂ ಗೊತ್ತಾಗಲಿಲ್ಲ.

ನನಗೆ ಬೇಸರವಾದದ್ದು ಒಂದಿದೆ. ಭಾಷಣಗಳು ಹೇಳಿದ ಹೊತ್ತಿಗೆ ಮುಗಿಯಲಿಲ್ಲ. ತಿಂಗಳಿಂದ ಅಭ್ಯಾಸ ಮಾಡಿದ ಮಕ್ಕಳ ಕೋಲಾಟವನ್ನು ಒಂದೇ ಹಾಡಿಗೆ ನಿಲ್ಲಿಸಿದರು. ಎಲ್ಲ ಮನೆಗಳ ಮಕ್ಕಳೂ ಸೇರಿ ಕುಣಿಯುತ್ತಿದ್ದರು, ಅದಕ್ಕಿಂತ ಬೇರೆ ಶಾಂತಿ ಹಬ್ಬ ಯಾವುದಿದೆ? ಒಂದು ಹುಡುಗಿ ಕೋಲು ಕಂಕುಳಲ್ಲಿ ಇಟ್ಟುಕೊಂಡು ಅಳುತ್ತಾ ನಮ್ಮ ಶಾಮಿಯಾನಕ್ಕೆ ಬಂದಳು. ಅವಳಿಗೆ ಏನು ಹೇಳಬೇಕೋ ನನಗೆ ತೋಚಲಿಲ್ಲ.

ವಿಶ್ವಸಂಸ್ಥೆ 1981ರಲ್ಲಿ ಶುರುಮಾಡಿದ ಶಾಂತಿ ದಿನವನ್ನು ಈಗ ಪ್ರತಿ ವರ್ಷ ಸೆಪ್ಟೆಂಬರ್ 21ಕ್ಕೆ ಆಚರಿಸುತ್ತಾರೆ. ಅದರ ಆಸುಪಾಸಿನಲ್ಲಿ, ಆಮೇಲೆ ಗಾಂಧಿ ಜಯಂತಿಗೆ, ಇಂಥ ಹಬ್ಬ ನಡೆಸುವ ಎಲ್ಲರಲ್ಲೂ ನನ್ನದೊಂದು ಕೋರಿಕೆ. ಆಹ್ವಾನ ಪತ್ರಿಕೆಯಲ್ಲಿ ಅತಿಥಿಗಳ ಹೆಸರಿನ ಕೆಳಗೆ ಕೆಲಸಗಳನ್ನೂ ಅಚ್ಚು ಹಾಕಿಸಿ. ತರಕಾರಿ ಹೆಚ್ಚುವುದು, ಬಡಿಸುವುದು, ಲೋಟ ತೊಳೆಯುವುದು, ಕಸ ಬೇರೆ ಮಾಡುವುದು. ಮನೆಗೆ ಎರಡು ಗಂಟೆ ಸಾಕು. ಪರಿಚಯ ಇಲ್ಲದ ಎರಡು ಮನೆಯವರನ್ನು ಒಂದೇ ಕೆಲಸಕ್ಕೆ ಹಾಕಿ. ಕೇಳಿದರೆ ಜನ ಬರುತ್ತಾರೆ, ಯಾರೂ ಕೇಳುವುದಿಲ್ಲ ಅಷ್ಟೇ. ನಮ್ಮನ್ನೂ ಈ ಸಲ ಎದುರು ಮನೆಯವರು ಬಂದು ಕರೆದದ್ದಕ್ಕೇ ಹೋದದ್ದು.

ಕೆಲಸಕ್ಕೆ ಬರುವ ಹೆಂಗಸರಿಗೆ ಅಡುಗೆಯ ಕಡೆ ಒಂದು ಶೌಚಾಲಯ, ಕುಡಿಯುವ ನೀರಿನ ಒಂದು ನಲ್ಲಿ ಇರಲಿ. ಭಾನುವಾರ ಎರಡಕ್ಕೂ ಮೈದಾನದ ಆ ತುದಿಗೆ ನಡೆಯಬೇಕಿತ್ತು. ಮಂಡಿನೋವಿನ ಅತ್ತೆ ಮಧ್ಯಾಹ್ನದವರೆಗೂ ನೀರೇ ಕುಡಿಯದೆ ಕೂತಿದ್ದರು.

ಇಂತಿ,
ಒಬ್ಬ ಗೃಹಿಣಿ, ಮೈಸೂರು