ಗ್ರಂಥಾಲಯಕ್ಕೆ ಪುಸ್ತಕ ಖರೀದಿ: ವಿಭಾಗಗಳ ಪಟ್ಟಿ ಶುಕ್ರವಾರದೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ನಮ್ಮ ಕಾಲೇಜು ಗ್ರಂಥಾಲಯದ ಈ ಸಾಲಿನ ಖರೀದಿಗೆ ಎಲ್ಲ ವಿಭಾಗಗಳೂ ತಮ್ಮ ಬೇಡಿಕೆಯನ್ನು ಬರುವ ಶುಕ್ರವಾರ ಸಂಜೆ 4 ಗಂಟೆಯೊಳಗೆ ಕಳುಹಿಸಬೇಕಾಗಿ ವಿನಂತಿ. ಸೋಮವಾರ ಗ್ರಂಥಾಲಯ ಸಮಿತಿ ಸೇರುತ್ತದೆ. ಆಮೇಲೆ ಬಂದ ಹೆಸರುಗಳನ್ನು ಸೇರಿಸಲಾಗುವುದಿಲ್ಲ.

ಲೇಖಕರು, ಪ್ರಕಾಶಕರು, ಆವೃತ್ತಿ, ಪ್ರತಿಗಳ ಸಂಖ್ಯೆಯ ಜೊತೆ 13 ಅಂಕಿಗಳ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಕಡ್ಡಾಯವಾಗಿ ಬರೆಯಿರಿ. ಗಟ್ಟಿ ರಟ್ಟಿನ ಪ್ರತಿಗೆ ಒಂದು ಸಂಖ್ಯೆ, ಸಾದಾ ರಟ್ಟಿನದಕ್ಕೆ ಇನ್ನೊಂದು. ಬರೀ ಶೀರ್ಷಿಕೆ ಕೊಟ್ಟರೆ ದುಬಾರಿ ಪ್ರತಿಯೋ ಹಳೆಯ ಆವೃತ್ತಿಯೋ ಬಂದು ಕೂರುತ್ತದೆ. ಹೆಚ್ಚು ಬೇಡಿಕೆಯ ಪಠ್ಯಗಳಿಗೆ ಪ್ರತಿಗಳನ್ನು ಧಾರಾಳವಾಗಿ ಕೇಳಿ. ಅರ್ಥಶಾಸ್ತ್ರದ ಒಂದು ಪುಸ್ತಕ ಬೆನ್ನು ಕಿತ್ತುಹೋಗಿ, ದಾರ ಕಟ್ಟಿಸಿಕೊಂಡು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿದೆ, ನೋಡಿದರೆ ಸಂಕಟವಾಗುತ್ತದೆ.

ಜರ್ನಲ್‌ಗಳ ವಿಷಯ: 2025ರ ಜನವರಿ 1ರಿಂದ ಜಾರಿಯಲ್ಲಿರುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಇ-ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಲಭ್ಯ. ಆ ಪಟ್ಟಿಯಲ್ಲಿರುವುದಕ್ಕೆ ನಾವು ಮತ್ತೆ ಹಣ ತೆರುವುದು ಬೇಡ. ಆ ಮೊತ್ತ ಕನ್ನಡದ ನಿಯತಕಾಲಿಕೆಗಳಿಗೆ ಸಲ್ಲಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮುದ್ರಿತ ಸಂಚಿಕೆಗಳನ್ನು ಓದುವ ಮಕ್ಕಳು ನಮ್ಮಲ್ಲಿ ಇಂದಿಗೂ ಇದ್ದಾರೆ.

ಬುಧವಾರ ಮಧ್ಯಾಹ್ನ 2 ಗಂಟೆಗೆ ಜೆ.ಸಿ. ರಸ್ತೆಯ ಕನ್ನಡ ಭವನಕ್ಕೆ, ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟಣೆಗಳನ್ನು ನೋಡಲು ಹೋಗುತ್ತಿದ್ದೇವೆ. ಪುಸ್ತಕವನ್ನು ಕೈಯಲ್ಲಿ ಹಿಡಿದು, ಪರಿವಿಡಿ ತಿರುವಿ ಆರಿಸುವುದೇ ಒಳ್ಳೆಯದು. ಪ್ರತಿ ವಿಭಾಗದಿಂದ ಒಬ್ಬರಾದರೂ ಬನ್ನಿ. ಬರುವವರು ನಾಳೆ ಸಂಜೆಯೊಳಗೆ ಇಲ್ಲಿ ಹೆಸರು ಹಾಕಿ. ಪಟ್ಟಿಗಳನ್ನು ಗ್ರಂಥಾಲಯದ ಇಮೇಲ್‌ಗೆ ಮಾತ್ರ ಕಳುಹಿಸಿ.