ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚಿ ಐದು ದಿನ ಕಳೆದೆ

ಮಾನ್ಯ ಸಂಪಾದಕರೇ,

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯವಳು, ವಯಸ್ಸು 47. ಆರು ವರ್ಷದಿಂದ ಸಂಧಿವಾತ ಇದೆ. ವಾರಕ್ಕೊಂದು ದಿನ ಮೆಥೊಟ್ರೆಕ್ಸೇಟ್ ಮಾತ್ರೆ, ಜೊತೆಗೆ ದಿನಾ ಸ್ಟೀರಾಯ್ಡ್. ಬೆಳಿಗ್ಗೆ ಎದ್ದು ಬೆರಳು ಮಡಚಲು ಆಗುವುದೇ ಈ ಮಾತ್ರೆಗಳಿಂದ. ಅವು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಇವು ಮೈಯ ರೋಗನಿರೋಧಕ ಶಕ್ತಿ ತಗ್ಗಿಸುತ್ತವೆ, ಆಗ ಸರ್ಪಸುತ್ತು ಏಳುವ ಸಾಧ್ಯತೆ ಜಾಸ್ತಿ ಎಂದು ಇಷ್ಟು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಕಳೆದ ಡಿಸೆಂಬರ್, ಅಡಿಕೆ ಸುಲಿತದ ಹೊತ್ತು. ಬಲಪಕ್ಕೆಯಲ್ಲಿ ಉರಿ ಶುರುವಾಯಿತು. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಬಗ್ಗಿ ಕೂತಿದ್ದಕ್ಕೆ ಇರಬೇಕು ಅಂದುಕೊಂಡೆ. ಎರಡು ದಿನ ಬಿಟ್ಟು ಬೆನ್ನಿನಿಂದ ಎದೆಯ ಕೆಳಗಿನವರೆಗೆ ಅರ್ಧ ಪಟ್ಟಿಯ ಹಾಗೆ ನೀರುಗುಳ್ಳೆ ಎದ್ದವು. ನಮ್ಮ ಅತ್ತೆ ನೋಡಿದವರೇ ಸರ್ಪಸುತ್ತು ಅಂದರು. ಕೆಮ್ಮಣ್ಣು ಕಲಸಿ ಹಚ್ಚಿದರು, ನಾಗನಿಗೆ ಹರಕೆ ಹೊತ್ತರು. ಹಾವಿನ ತಲೆ ಬಾಲ ಕೂಡಿದರೆ ಜೀವ ಉಳಿಯುವುದಿಲ್ಲ ಎಂಬ ಹೆದರಿಕೆ ಅವರಿಗೆ. ಮಣ್ಣು ಒಣಗಿ ಬಿರಿಯುವಾಗ ಗುಳ್ಳೆಯೂ ಒಡೆಯುತ್ತಿತ್ತು. ರವಿಕೆ ತಾಗಿದರೆ ಸಾಕು, ಸೂಜಿಮೆಣಸು ಅರೆದು ಸವರಿದಂಥ ಉರಿ. ಐದನೇ ದಿನ ತೊಡೆ, ತೋಳಿನ ಮೇಲೂ ಗುಳ್ಳೆ ಕಂಡಾಗ ಶಿವಮೊಗ್ಗಕ್ಕೆ ಓಡಿದೆವು.

ಡಾಕ್ಟರು ಮೊದಲು ಕೇಳಿದ್ದು, ‘ಯಾವ ಮಾತ್ರೆ ತಗೋತಿದ್ದೀರಿ?’ ಅಂತ. ಮೆಥೊಟ್ರೆಕ್ಸೇಟ್ ಅಂದ ಕೂಡಲೇ ಅಡ್ಮಿಟ್ ಮಾಡಿಕೊಂಡರು. ಒಂದು ವಾರ ಡ್ರಿಪ್‌ನಲ್ಲಿ ಅಸೈಕ್ಲೊವಿರ್ ಎಂಬ ವೈರಸ್ ತಡೆಯುವ ಔಷಧಿ ಕೊಟ್ಟರು. ‘ಗುಳ್ಳೆ ಎದ್ದ ಮೂರು ದಿನದೊಳಗೆ ಬರಬೇಕಿತ್ತಮ್ಮ’ ಅಂದರು. 72 ಗಂಟೆಯೊಳಗೆ ಔಷಧಿ ಶುರುವಾದರೆ ಹೆಚ್ಚು ಗುಣವಂತೆ. ತಡವಾದರೂ ನಮ್ಮಂಥವರಿಗೆ ಕೊಡಲೇಬೇಕಂತೆ.

ನನಗೆ ಮೂರನೇ ಕ್ಲಾಸಿನಲ್ಲಿ ಅಮ್ಮ ಬಂದಿತ್ತು, ಚಿಕನ್‌ಪಾಕ್ಸ್ ಅಂತಾರಲ್ಲ, ಅದು. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದು ಈಗಲೂ ನೆನಪಿದೆ. ಆ ವೈರಸ್ ಹೋಗಿರಲೇ ಇಲ್ಲ. ಬೆನ್ನುಹುರಿಯ ಪಕ್ಕ ನರದ ಬುಡದಲ್ಲಿ ಸುಮ್ನೆ ಮಲಗಿತ್ತು. ಮೈಯ ಶಕ್ತಿ ತಗ್ಗಿದಾಗ ಸರ್ಪಸುತ್ತಾಗಿ ಎದ್ದಿದೆ. ಆ ನರ ಬೆನ್ನಿನಿಂದ ಮುಂದಕ್ಕೆ ಒಂದೇ ಬದಿಯಲ್ಲಿ ಸುತ್ತಿ ಬರುತ್ತದೆ, ಅದಕ್ಕೇ ಹಾವು ಸುತ್ತಿದ ಹಾಗೆ ಕಾಣುವುದು. ಶಕ್ತಿ ಕುಂದಿದವರಲ್ಲಿ ಇದು ಪಟ್ಟಿ ದಾಟಿ ಮೈಯೆಲ್ಲ ಹರಡಬಹುದು, ಶ್ವಾಸಕೋಶಕ್ಕೂ ಮಿದುಳಿಗೂ ಹೋಗಬಹುದು. ಹಣೆ, ಮೂಗಿನ ತುದಿಯಲ್ಲಿ ಎದ್ದರೆ ಕಣ್ಣಿಗೆ ಅಪಾಯ.

ಗುಳ್ಳೆ ಮಾಯ್ದು ತಿಂಗಳುಗಳೇ ಕಳೆದವು. ನರದ ನೋವು ಹೋಗಿಲ್ಲ. ಈ ಮಳೆಗಾಲ ಪೂರ್ತಿ ಬಲಗಡೆಗೆ ಕಂಬಳಿ ಹೊದೆಯಲು ಆಗಲಿಲ್ಲ. ನಮ್ಮ ಕಡೆ ಕಂಬಳಿ ಇಲ್ಲದೆ ಆಷಾಢ ಕಳೆಯುವುದು ಏನೆಂದು ಗೊತ್ತಿದ್ದವರಿಗೆ ಗೊತ್ತು.

ಮಂಗನ ಕಾಯಿಲೆಯ ಕಾಲ ಬಂದರೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಮೈಗೆ ಹಚ್ಚುವ ಡೇಪಾ ಎಣ್ಣೆ ಕೊಡುತ್ತಾರೆ, ಅದನ್ನು ಹರಡುವ ಉಣ್ಣೆ ಹುಳುವಿನ ಬಗ್ಗೆ ಹೇಳುತ್ತಾರೆ. ಹೇಳಿದ್ದಕ್ಕೇ ಅಲ್ವಾ ನಾವು ಕಾಡಿಗೆ ಹೋಗುವಾಗ ಎಚ್ಚರ ವಹಿಸುವುದು? ಸಂಧಿವಾತದ ಮಾತ್ರೆ ನುಂಗುವವರು, ಕಿಮೋ ತಗೊಳ್ಳುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಎಚ್‌ಐವಿ ಇರುವವರು ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ಚೀಟಿ ಬರೆಯುವಾಗಲೇ ವೈದ್ಯರು ಅದರ ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆದು ಕೊಡಲಿ: ‘ಮೈಯ ಒಂದೇ ಬದಿಯಲ್ಲಿ ಉರಿ, ಗುಳ್ಳೆ ಕಂಡರೆ ಅವತ್ತೇ ಬನ್ನಿ, ಈ ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ.’ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಸೈಕ್ಲೊವಿರ್ ಮಾತ್ರೆ ಸದಾ ಸಿಗುವಂತಾಗಲಿ.

ಸರ್ಪಸುತ್ತಿಗೆ ಲಸಿಕೆಯೂ ಇದೆ. ಎರಡು ಡೋಸ್, ಜೀವಂತ ವೈರಸ್ ಇಲ್ಲದ್ದು. ನಮ್ಮ ದೇಶಕ್ಕೆ 2023ರಲ್ಲಿ ಬಂತು. ರೋಗನಿರೋಧಕ ಶಕ್ತಿ ಕಮ್ಮಿ ಇರುವವರು 19 ತುಂಬಿದ್ದರೆ ಹಾಕಿಸಿಕೊಳ್ಳಿ ಎಂದು ಅಮೆರಿಕದಲ್ಲಿ 2021ರಿಂದಲೇ ಹೇಳುತ್ತಿದ್ದಾರೆ. ಇಲ್ಲಿ ಒಂದೊಂದು ಡೋಸಿಗೂ ಸಾವಿರಾರು ರೂಪಾಯಿ. ಕೂಲಿ ಮಾಡುವವರು ಎಲ್ಲಿಂದ ತರಬೇಕು? ಇಂಥ ರೋಗಿಗಳಿಗಾದರೂ ಸರ್ಕಾರ ಇದನ್ನು ಉಚಿತವಾಗಿ ಕೊಡಬೇಕು.

— ಒಬ್ಬ ಓದುಗಿ, ತೀರ್ಥಹಳ್ಳಿ ತಾಲ್ಲೂಕು